ಅಚ್ಚಾದ ನೂರು

ಅಡಿಗೆಮನೆ ಕಿಟಕಿಯ ಮಬ್ಬುಗಟ್ಟಿದ ಗಾಜನ್ನು ಹೆಂಡತಿ ಆ ವಾರ ನಾಲ್ಕನೆಯ ಸಲ ಉಜ್ಜುತ್ತಿದ್ದಳು.

"ಇದಕ್ಕೇನು ರೋಗ ಬಂದಿದೆ ಅಂತೀನಿ! ನಿಮ್ಮ ಲ್ಯಾಬಲ್ಲಿ ಯಾವುದಾದ್ರೂ ಪುಡಿ ಇದ್ರೆ ತಂದ್ಕೊಡಿ."

ಕಾರ್ಖಾನೆಯೆಲ್ಲ ಮೇಷ್ಟ್ರು ಎಂದು ಕರೆಯುವ, ಕೇಳದಿದ್ದರೂ ವಿವರಿಸುವ ಕೆಮಿಸ್ಟ್ ಗಂಡ ಅವತ್ತು ಬಾಯಿ ಬಿಡಲಿಲ್ಲ. ಅದು ಕೊಳೆಯಲ್ಲ. ಗಾಜನ್ನೇ ಏನೋ ತಿಂದಿತ್ತು. ತಿಂದದ್ದು ಯಾರೆಂದು ಅವನಿಗೆ ಸೋಮವಾರದಿಂದ ಗೊತ್ತಿತ್ತು.

ಅವರ ಕಾರ್ಖಾನೆಯ ಕಬ್ಬಿಣದ ಅದಿರಿನಲ್ಲಿ ಗಾಜನ್ನೂ ತಿನ್ನುವ ಫ್ಲೋರಿನ್ ಇದೆ. ಊದುಕುಲುಮೆಯಲ್ಲಿ ಸುಣ್ಣ ಸಾಕಷ್ಟಿದ್ದರೆ ಅದರ ಬಹುಪಾಲು ಸುಣ್ಣಕ್ಕೆ ಅಂಟಿಕೊಂಡು, ಅದಿರಿನ ಕರಗಿದ ಕಸವಾದ ಕಿಟ್ಟದ ಜೊತೆ ಹರಿದುಹೋಗುತ್ತದೆ. ಸುಣ್ಣ ಕಡಿಮೆಯಾದರೆ ಅನಿಲದ ಬೆನ್ನು ಹತ್ತಿ ಚಿಮಣಿಯ ದಾರಿ ಹಿಡಿಯುತ್ತದೆ. ಒಳಹೋದ ನೂರು ಪಾಲು ಎಲ್ಲೆಲ್ಲಿ ಹೊರಬಂತು ಎಂದು ತಿಂಗಳಿಗೊಮ್ಮೆ ಬರೆದುಕೊಡುವುದು ಮೇಷ್ಟ್ರ ಕೆಲಸ. ದೂಳನ್ನೂ ಅನಿಲ ತೊಳೆದ ನೀರನ್ನೂ ಅಳೆಯುತ್ತಿದ್ದ. ಕಿಟ್ಟವನ್ನು ಕರಗಿಸಿ ಅಳೆಯುವುದು ಎರಡು ದಿನದ ರಗಳೆ. ಆದ್ದರಿಂದ ಸೇರಿದ ಹೊಸತರಲ್ಲಿ, ತಾತ್ಕಾಲಿಕವಾಗಿ, ಉಳಿದದ್ದೆಲ್ಲ ಕಿಟ್ಟದಲ್ಲಿದೆ ಎಂದು ಬರೆದಿದ್ದ. ಆ ತಾತ್ಕಾಲಿಕಕ್ಕೆ ಈಗ ಹನ್ನೊಂದು ವರ್ಷ. ಮೊತ್ತ ಹೇಗೂ ನೂರೇ ಬರುತ್ತದಲ್ಲ ಎಂದು, ಫಾರಂನ ಕೊನೆಯಲ್ಲಿ ನೂರನ್ನು ಅಚ್ಚುಹಾಕಿಸಿದವನೂ ಅವನೇ.

ಈಚೆಗೆ ಕಿಟ್ಟ ನೀರಿನಂತೆ ತೆಳ್ಳಗೆ ಓಡಿ ಇಟ್ಟಿಗೆಯನ್ನು ಕೊರೆಯುತ್ತಿದೆ ಎಂದು ಕುಲುಮೆಯವರು ಗೊಣಗಿದ್ದರು. ಆ ನೆಪದಲ್ಲಿ ಮೊದಲ ಸಲ ಕಿಟ್ಟವನ್ನು ಕರಗಿಸಿ ನೋಡಿದ. ಫಾರಂ ಪ್ರಕಾರ ತೊಂಬತ್ತಮೂರು ಪಾಲು ಇರಬೇಕಾದಲ್ಲಿ ಎಂಬತ್ತೊಂದು. ಮೂರು ಸಲ ನೋಡಿದರೂ ಎಂಬತ್ತೊಂದೇ.

ಕಾರ್ಖಾನೆಯ ಮುಖ್ಯಸ್ಥರು ಹೆಂಡತಿಯ ಸೋದರಮಾವ. ಕೆಲಸ, ಮನೆ, ಮದುವೆ ಮೂರನ್ನೂ ಒಂದೇ ತಿಂಗಳಲ್ಲಿ ಕೊಡಿಸಿದವರು. ಮೇಷ್ಟ್ರು ಅವರ ಕೋಣೆಗೆ ಹೋದ.

"ಏನಪ್ಪಾ, ಏನೋ ಕಳ್ಕೊಂಡವನ ಹಾಗೆ ಬಂದೆ?"

"ಹನ್ನೆರಡು ಪಾಲು ಕಾಣ್ತಿಲ್ಲ ಮಾವ."

"ಸರಿಯಾಗಿ ಹುಡುಕಿದ್ಯಾ?"

"ಹುಡುಕಿದೆ. ನಮ್ಮ ಅಡಿಗೆಮನೆ ಕಿಟಕಿಲಿ ಸಿಕ್ತು. ಸುಣ್ಣ ಹೆಚ್ಚಿಸಿದ್ರೆ ಕಿಟ್ಟ ಹಿಡ್ಕೊಳ್ಳುತ್ತೆ."

"ಜೊತೆಗೆ ಕುಲುಮೆ ಕೋಕ್ ಕಲ್ಲಿದ್ದಲನ್ನೂ ಹೆಚ್ಚು ತಿನ್ನುತ್ತೆ, ಕಬ್ಬಿಣ ಕಮ್ಮಿಯಾಗುತ್ತೆ." ಮಾವ ಎದ್ದು ಬೀರುವಿನಿಂದ ದಪ್ಪ ಫೈಲು ತಂದು, ಮಗುವನ್ನು ಮಲಗಿಸುವಷ್ಟು ಮೆತ್ತಗೆ ಮೇಜಿನ ಮೇಲಿಟ್ಟರು. "ಇದೆಲ್ಲ ಯಾರ ಸಹಿ?"

"ನಂದೇ."

"ಈ ತಿಂಗಳು ಕಾಣೆಯಾಗಿದ್ದು ಹೋದ ತಿಂಗಳಿತ್ತಾ ಅಂತ ಮೇಲಿನವ್ರು ಕೇಳ್ತಾರೆ. ಏನಂತೀಯಾ?"

ಮೇಷ್ಟ್ರು ಫೈಲಿನ ಒಂದು ಹಾಳೆ ತಿರುವಿದ; ಅಲ್ಲೂ ನೂರೇ. ಬಾಗಿಲು ತೆರೆದೇ ಇತ್ತು. ಆದರೂ ಕೋಣೆಯಲ್ಲಿ ಗಾಳಿ ಸಾಲುತ್ತಿರಲಿಲ್ಲ.

"ನಿನ್ನನ್ನ ಸಿಕ್ಕಿಸಿ ನನಗೇನಾಗ್ಬೇಕು ಹೇಳು," ಎಂದರು ಮಾವ. ಅದರಲ್ಲಿ ಸುಳ್ಳಿರಲಿಲ್ಲ, ಅದೇ ಕಷ್ಟ. "ಕಿಟಕಿ ತಾನೆ? ಇವತ್ತೇ ಹೊಸ ಗಾಜು ಹಾಕಿಸ್ತೀನಿ. ಹೋಗು, ಫಾರಂ ಕಳಿಸು."

ಮೇಷ್ಟ್ರು ಲ್ಯಾಬಿಗೆ ಬಂದು ಕೂತ. ದೂಳು ಮೂರು, ನೀರು ನಾಲ್ಕು ಎಂದು ಬರೆದ. ಕಿಟ್ಟದ ಸಾಲಿನಲ್ಲಿ ಪೆನ್ನು ತಾನಾಗಿಯೇ ತೊಂಬತ್ತಮೂರರ ಒಂಬತ್ತನ್ನು ಬರೆಯಹೊರಟಿತು. ಕೈಗೆ ಹನ್ನೊಂದು ವರ್ಷದ ರೂಢಿ. ತಡೆದು ಎಂಬತ್ತೊಂದು ಎಂದು ಬರೆದ. ಕಾಣೆಯಾದದ್ದಕ್ಕೆ ಸಾಲೇ ಇರಲಿಲ್ಲ. ತಾನೇ ಅಚ್ಚುಹಾಕಿಸಿದ ನೂರನ್ನು ಹೊಡೆದುಹಾಕಿ ಎಂಬತ್ತೆಂಟು ಬರೆದು, ಸಹಿ ಮಾಡಿ ಕಳಿಸಿದ.

ಸಂಜೆಯೊಳಗೆ ಫಾರಂ ವಾಪಸು ಬಂತು, ಖಾಲಿ ಫಾರಂ ಒಂದನ್ನು ಬೆನ್ನಿಗೆ ಕಟ್ಟಿಕೊಂಡು. ಅಂಚಿನಲ್ಲಿ ಮಾವನ ದುಂಡಕ್ಷರ: 'ಕೂಡುವುದರಲ್ಲಿ ತಪ್ಪಾಗಿದೆ. ತಿದ್ದಿ ಕಳಿಸುವುದು.' ಮತ್ತೆ ಎಂಬತ್ತೆಂಟೇ ಬರೆದು ಕಳಿಸಿದ. ಮತ್ತೂ ವಾಪಸು ಬಂತು.

"ಏನು ಮೇಷ್ಟ್ರೇ, ಮಗ್ಗಿ ಮರ್ತೋಯ್ತಾ?" ಎಂದು ಫಾರಂ ತಂದ ಗುಮಾಸ್ತ ನಕ್ಕ. "ನೂರು ಬರೋ ತನಕ ತಿರುಗಾಡಿಸ್ತಾ ಇರು ಅಂದಿದಾರೆ ಸಾಹೇಬ್ರು."

ಮೂರನೆಯ ಫಾರಂ ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋದ. ಹೊಸ ಗಾಜು ಬಂದು ಕೂತಿತ್ತು. ಅದರಾಚೆ ಚಿಮಣಿ ಈಗ ತಾನೇ ತೊಳೆದಿಟ್ಟಷ್ಟು ಸ್ಪಷ್ಟ.

"ಮಾವ ಅಂದ್ರೆ ಮಾವ! ಬಾಯಿ ಬಿಟ್ಟು ಕೇಳೂ ಇಲ್ಲ ನಾನು," ಎಂದಳು ಹೆಂಡತಿ. "ಹಳೇ ಮಬ್ಬು ಗಾಜನ್ನ ಬಚ್ಚಲುಮನೆ ಕಿಟಕಿಗೆ ಹಾಕಿಸ್ದೆ. ಹೊರಗಿನವ್ರಿಗೆ ಏನೂ ಕಾಣಲ್ಲ, ಲಕ್ಷಣವಾಗಿದೆ."

ಮೇಷ್ಟ್ರು ಪೆನ್ನು ತೆಗೆದು ಮೂರನೆಯ ಸಲ ಎಂಬತ್ತೆಂಟು ಬರೆದ. ಆಮೇಲೆ ಎದ್ದು ಹೋಗಿ, ಹೊಸ ಗಾಜಿನ ಚೌಕಟ್ಟಿನ ಮೂಲೆಯಲ್ಲಿ ಅವತ್ತಿನ ತಾರೀಖನ್ನು ಸಣ್ಣದಾಗಿ ಬರೆದ.

"ಅದ್ಯಾಕೆ? ಗ್ಯಾರಂಟಿ ಏನಾದ್ರೂ ಇದ್ಯಾ?"

"ಇದೆ," ಎಂದ ಮೇಷ್ಟ್ರು, "ಇದೂ ಮಬ್ಬಾಗುತ್ತೆ ಅನ್ನೋದಕ್ಕೆ."