ಪಕ್ಕದ ಮೊಳೆ

ಆ ಕಾಲೇಜಿನಲ್ಲಿ ಫುಟ್‌ಬಾಲ್ ಕಲಿಸುತ್ತಿದ್ದವರನ್ನು ಹುಡುಗರು ಸೀಟಿ ಮೇಷ್ಟರು ಎನ್ನುತ್ತಿದ್ದರು. ತಲೆ ಕಪ್ಪಿದ್ದಾಗ ಬಂದವರು, ತಲೆ ಬೆಳ್ಳಗಾಗಿ, ಕೊನೆಗೆ ಬೋಳಾಗುವವರೆಗೂ ಅದೇ ಮೈದಾನದ ಅಂಚಿನಲ್ಲಿ ನಿಂತು ಗಂಟಲು ಹರಿದುಕೊಂಡವರು. ಎಷ್ಟು ಹುಡುಗರು ಬಂದರೋ, ಎಷ್ಟು ಹುಡುಗರು ಹೋದರೋ. ಹುಡುಗರಿಗೆ ಯಾವತ್ತೂ ಇಪ್ಪತ್ತೇ ವಯಸ್ಸು. ವಯಸ್ಸಾಗುತ್ತಿದ್ದದ್ದು ಮೇಷ್ಟರೊಬ್ಬರಿಗೇ.

ಅವರದೊಂದು ಪದ್ಧತಿ ಇತ್ತು. ಪಂದ್ಯದ ದಿನ ಯಾರು ಆಡುತ್ತಾರೆ, ಯಾರು ಕೂರುತ್ತಾರೆ ಎಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಬಟ್ಟೆ ಬದಲಿಸುವ ಕೋಣೆಯ ಗೋಡೆಗೆ ಉದ್ದಕ್ಕೂ ಮೊಳೆ ಹೊಡೆಸಿದ್ದರು, ಒಬ್ಬೊಬ್ಬ ಹುಡುಗನಿಗೆ ಒಂದೊಂದು. ಬೆಳಿಗ್ಗೆ ಬೇಗ ಹೋಗಿ ಹನ್ನೊಂದು ಜೆರ್ಸಿ ನೇತುಹಾಕಿ ಬಂದುಬಿಡುವರು. ಮೊಳೆಯಲ್ಲಿ ಜೆರ್ಸಿ ಇದ್ದವನು ಆಡುವನು, ಇಲ್ಲದವನು ಬೆಂಚಿನ ಮೇಲೆ ಕೂರುವನು. ಯಾಕೆ ಎಂದು ಕೇಳುವ ಹಾಗಿಲ್ಲ, ಒಮ್ಮೆ ನೇತುಹಾಕಿದ್ದನ್ನು ಬದಲಿಸುವ ಹಾಗೂ ಇಲ್ಲ. ಒಂದು ಸಲ ಪ್ರಿನ್ಸಿಪಾಲರು ಪರಿಚಯದವರ ಮಗನ ಪರವಾಗಿ ಕೋಣೆಯ ಬಾಗಿಲವರೆಗೂ ಬಂದು, ಮೇಷ್ಟರ ಮುಖ ನೋಡಿ, ಬಿಸಿಲಿನ ಬಗ್ಗೆ ಎರಡು ಮಾತಾಡಿ ವಾಪಸಾಗಿದ್ದರು. ‘ನೀನು ಬೇಡ’ ಎಂದು ಒಬ್ಬ ಹುಡುಗನ ಮುಖಕ್ಕೆ ಹೇಳುವ ಗಟ್ಟಿತನ ಮೇಷ್ಟರಿಗಿರಲಿಲ್ಲ. ಆ ಕೆಲಸವನ್ನು ಮೊಳೆಗೆ ಒಪ್ಪಿಸಿದ್ದರು.

ಮೂರು ವರ್ಷದಿಂದ ಖಾಲಿ ಉಳಿದದ್ದು ಒಂದೇ ಮೊಳೆ, ಅವರ ಸ್ವಂತ ತಂಗಿಯ ಮಗನದು. ಅಳಿಯನಿಗೆ ಹುಡುಗರು ಬೆಂಚು ಎಂದೇ ಹೆಸರಿಟ್ಟಿದ್ದರು. ಮೈದಾನದಲ್ಲಿ ಅವನು ಮಾವ ಎನ್ನಬಾರದು, ಸಾರ್ ಎನ್ನಬೇಕು. ಅವನ ಪಕ್ಕದ ಮೊಳೆ ಎಡಗಡೆಯ ಬ್ಯಾಕ್ ಆಡುವವನದು. ಅವನನ್ನು ದಾಟಿಕೊಂಡು ಚೆಂಡು ಒಳಗೆ ಹೋಗುವುದು ಕಷ್ಟವೆಂದು ಅವನಿಗೆ ಬಾಗಿಲು ಎಂಬ ಹೆಸರು. ಇಬ್ಬರ ಕಣ್ಣೂ ಒಂದೇ ಜಾಗದ ಮೇಲೆ. ‘ಮನೆಯವನೆಂದು ಆಡಿಸಿದ’ ಅಂತ ಒಂದು ಮಾತು ಬಂದುಬಿಟ್ಟರೆ ಎಂದು ಮೇಷ್ಟರು ಅಳಿಯನ ಮೊಳೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಮೇಷ್ಟರ ನೌಕರಿಯ ಕೊನೆಯ ಪಂದ್ಯ ಬಂತು. ಗೆಲ್ಲುವುದಕ್ಕೆ ಕಪ್ಪು ಗಿಪ್ಪು ಏನೂ ಇಲ್ಲ. ಕಾಲೇಜು ಕೊನೆಯ ಸ್ಥಾನಕ್ಕೆ ಬೀಳುತ್ತದೋ ಅದರ ಹಿಂದಿನ ಸ್ಥಾನದಲ್ಲಿ ನಿಲ್ಲುತ್ತದೋ ಎಂಬಷ್ಟೇ. ಅಳಿಯನಿಗೂ ಅದೇ ಕೊನೆಯ ಪಂದ್ಯ. ಅವತ್ತು ಆಡದಿದ್ದರೆ ಇನ್ನು ಆಡುವುದೇ ಇಲ್ಲ.

ಬೆಳಿಗ್ಗೆ ಒಗೆದ ಜೆರ್ಸಿಗಳನ್ನು ಮಡಚಿ ಚೀಲಕ್ಕೆ ತುಂಬುತ್ತಾ ಹೆಂಡತಿ ಹೇಳಿದಳು, "ಇವತ್ತಾದ್ರೂ ಆ ಹುಡುಗನ್ನ ಆಡಿಸ್ರೀ."

"ಸಂಬಂಧ ಎಲ್ಲ ಕಾಲೇಜು ಗೇಟಿನ ಹೊರಗೆ."

"ಆ ಗೇಟು ನಾಳೆಯಿಂದ ನಿಮ್ಮದಲ್ಲ. ಸಂಬಂಧ ಇಲ್ಲೇ ಇರತ್ತೆ, ನನ್ನ ತಲೆ ಮೇಲೆ."

ಮೇಷ್ಟರಿಗೆ ಬಗ್ಗಿ ಬೂಟು ಹಾಕಿಕೊಳ್ಳುವಷ್ಟರಲ್ಲಿಯೇ ಏದುಸಿರು ಬಂದಿತ್ತು. ಚೀಲ ಹೆಗಲಿಗೆ ಹಾಕಿಕೊಂಡು ಕಾಲೆಳೆಯುತ್ತಾ ಹೋದರು.

ಕೋಣೆಯಲ್ಲಿ ಬೆವರು, ಒದ್ದೆ ಚರ್ಮ, ನೋವಿನ ಎಣ್ಣೆಯ ಹಳೇ ವಾಸನೆ. ಕಣ್ಣು ಮುಚ್ಚಿದರೂ ಕೈಗೆ ಮೊಳೆಗಳೆಲ್ಲ ಗೊತ್ತು. ಹತ್ತು ಜೆರ್ಸಿ ಹಾಕಿಯಾಗಿತ್ತು, ಬಾಗಿಲಿನದೊಂದು ಕೈಯಲ್ಲಿತ್ತು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ತಂಗಿ.

"ಅಣ್ಣಾ, ಯಾವತ್ತಾದ್ರೂ ಬಾಯಿಬಿಟ್ಟು ಕೇಳಿದೀನಾ?"

"ಕೇಳಿಲ್ಲ. ಇವತ್ತೂ ಕೇಳ್ಬೇಡ."

"ಅವನು ರಾತ್ರಿಯೆಲ್ಲ ಬೂಟು ಉಜ್ಜಿದಾನೆ. ಮೂರು ವರ್ಷದಿಂದ ಪಂದ್ಯಕ್ಕೆ ಅಂತ ಇಟ್ಕೊಂಡು ಹೊಸದಾಗೇ ಇರೋ ಬೂಟನ್ನ ಉಜ್ಜೋದು ನೋಡಿದ್ರೆ ನನ್ನ ಹೊಟ್ಟೆ ಉರಿಯತ್ತೆ ಅಣ್ಣ. ಐದು ನಿಮಿಷ ಆಡಿಸು ಸಾಕು."

"ನೋಡು, ಇಲ್ಲಿ ನಾನು ಯಾರಿಗೂ ಅಣ್ಣ ಅಲ್ಲ, ಮಾವ ಅಲ್ಲ. ಇಷ್ಟು ವರ್ಷ ಕಾಪಾಡ್ಕೊಂಡು ಬಂದಿದ್ದನ್ನ ಕೊನೇ ದಿನ ಮಣ್ಣುಪಾಲು ಮಾಡ್ಲಾ?"

"ಮಾಡ್ಬೇಡ. ನಿನ್ನ ಮೊಳೆ ಕಟ್ಕೊಂಡು ನೀನೇ ಇರು," ಎಂದು ಅವಳು ಫೋನಿಟ್ಟಳು.

ಮೇಷ್ಟರಿಗೆ ತಲೆ ಚಿಟ್ಟು ಹಿಡಿದ ಹಾಗಾಯಿತು. ಕೈ ನೋಡಿಕೊಂಡರು, ಖಾಲಿ ಇತ್ತು. ಸರಿ, ಹಾಕಿಯಾಯಿತು ಎಂದುಕೊಂಡು, ಹಿಂತಿರುಗಿ ನೋಡದೆ ಹೊರಗೆ ಹೋಗಿ ಗೆರೆ ಹಾಕಿದ ಸುಣ್ಣ ಸರಿಯಾಗಿದೆಯೋ ಎಂದು ನೋಡುತ್ತಾ ನಿಂತರು.

ಹುಡುಗರು ಸಾಲಾಗಿ ಮೈದಾನಕ್ಕೆ ಇಳಿದರು. ಎಡಗಡೆಯ ಬ್ಯಾಕಿನ ಜೆರ್ಸಿ ತೊಟ್ಟು ಹೊಳೆಯುವ ಬೂಟಿನಲ್ಲಿ ಅಳಿಯ ಬರುತ್ತಿದ್ದ. ನಾಲ್ಕು ಹೆಜ್ಜೆ ಹಿಂದೆ, ಮನೆಯಿಂದ ತಂದ ಅಂಗಿಯಲ್ಲೇ, ಬಾಗಿಲು.

ಇವರ ನಂತರ ಕೋಚ್ ಆಗಬೇಕಿದ್ದ ಸಹಾಯಕ ಕಿವಿಯ ಹತ್ತಿರ ಬಂದ. ಅವನೂ ಒಂದು ಕಾಲದಲ್ಲಿ ಇವರ ಹುಡುಗನೇ. "ಸಾರ್, ಇದೇನು ಸಾರ್? ಬಾಗಿಲನ್ನ ತೆಗೆದುಬಿಟ್ರಾ?"

ಕೈ ತಪ್ಪಿತು ಎನ್ನಬೇಕಿತ್ತು. ಹಾಗೆಂದರೆ ಜೆರ್ಸಿ ಬಿಚ್ಚಿಸಬೇಕು, ಅದೂ ಎಲ್ಲರೆದುರು, ಮೂರು ವರ್ಷ ಕಾದವನ ಮೈಯಿಂದ. ಸುಮ್ಮನಿದ್ದರೆ ಕೊನೇ ದಿನ ಅಳಿಯನನ್ನು ಒಳಗೆ ತೂರಿಸಿದ ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಮೇಷ್ಟರಿಗೆ ಎರಡರಲ್ಲಿ ಯಾವುದಕ್ಕೂ ಬಲವಿರಲಿಲ್ಲ. "ಮೊಳೆ ಮೇಲೆ ಇದ್ದದ್ದು ಇದ್ದದ್ದೇ," ಎಂದಷ್ಟೇ ಹೇಳಿ ಸೀಟಿಯನ್ನು ಕೈಯಲ್ಲಿ ಹಿಡಿದುಕೊಂಡು ಕೂತರು.

ಆಟ ಶುರುವಾಯಿತು. ಅಳಿಯ ಕಟ್ಟುಬಿಚ್ಚಿದ ಕರುವಿನ ಹಾಗೆ ಓಡಿದ. ಬೇಡದ ಕಡೆಗೂ ಓಡಿದ. ಎದುರಿನವರ ಕುಳ್ಳ ಹುಡುಗ ಒಮ್ಮೆ ಅವನಿಗೆ ಒಂದು ಕಡೆ ತೋರಿಸಿ ಇನ್ನೊಂದು ಕಡೆ ಹೋಗಿ ಗೋಲು ಹೊಡೆದೇಬಿಟ್ಟ. ನೋಡುವವರ ಸಾಲಿನಿಂದ ಯಾರೋ ಕೂಗಿದರು, "ಮೇಷ್ಟ್ರೇ, ಬಾಗಿಲು ತೆಗೆದು ಪರದೆ ಹಾಕಿದೀರಲ್ರೀ!" ಎಲ್ಲರೂ ನಕ್ಕರು. ಮೇಷ್ಟರ ಕಿವಿ ಕೆಂಪಾಯಿತು.

ಆದರೆ ಆಮೇಲೆ ಒಂದು ಸಲ, ಗೋಲ್‌ಕೀಪರ್ ಎಲ್ಲೋ ಇದ್ದಾಗ, ಒಳಗೆ ಉರುಳುತ್ತಿದ್ದ ಚೆಂಡನ್ನು ಅಳಿಯ ಗೆರೆಯ ಮೇಲೆ ಬಿದ್ದು ಎಡಗಾಲಿನಿಂದ ಹೊರಗೆ ಒದ್ದ. ಮೇಷ್ಟರು ಎದ್ದೇ ನಿಂತರು. ಇವನಿಗೆ ಎಡಗಾಲು ಇಷ್ಟು ಚೆನ್ನಾಗಿದೆಯೇ? ಮೂರು ವರ್ಷ ದಿನಾ ಸಂಜೆ ಇದೇ ಮೈದಾನದಲ್ಲಿ ಒದ್ದಿದ್ದಾನೆ. ಬೇರೆ ಹುಡುಗರ ಕಾಲನ್ನೆಲ್ಲ ಕಣ್ಣಲ್ಲಿ ಕಣ್ಣಿಟ್ಟು ನೋಡಿದವರು ಇವನದನ್ನು ಒಂದು ದಿನವೂ ನೋಡಿರಲಿಲ್ಲ. ಆ ಕ್ಷಣದಲ್ಲಿ ಅವರಿಗೆ ಇದ್ದಬದ್ದ ಸುಸ್ತೆಲ್ಲ ಒಮ್ಮೆಗೇ ಮೈಮೇಲೆ ಬಿದ್ದಂತಾಯಿತು.

ವಿರಾಮ ಕಳೆದು ಸ್ವಲ್ಪ ಹೊತ್ತಿಗೆ ಅಳಿಯನ ಕಾಲು ಸೋತದ್ದು ಕಾಣಿಸಿತು. ಬೇರೆ ಯಾರಾಗಿದ್ದರೂ ತೆಗೆಯುತ್ತಿದ್ದರು, ಇವನನ್ನೂ ತೆಗೆಯಬೇಕು. ಬೆಂಚಿನ ತುದಿಯಲ್ಲಿದ್ದ ಬಾಗಿಲನ್ನು ಕರೆದರು. ಹತ್ತಿರ ಬಂದಾಗ ಅವರ ಸ್ವರ ಕೆಳಗಿಳಿಯಿತು.

"ನಿನ್ನ ಮೊಳೆಗೇ ಹಾಕ್ಬೇಕಿತ್ತು ಕಣೋ. ಕೈ ತಪ್ಪಿಹೋಯ್ತು."

"ಗೊತ್ತು ಸಾರ್. ನಾನು ಬೇಗ ಬಂದು ಕೋಣೆ ಬಾಗಿಲ ಹತ್ರ ಲೇಸು ಕಟ್ತಿದ್ದೆ. ನೀವು ಫೋನಲ್ಲಿ ‘ಅಣ್ಣ ಅಲ್ಲ, ಮಾವ ಅಲ್ಲ’ ಅಂತಾನೇ ಅವನ ಮೊಳೆಗೆ ಹಾಕಿದ್ರಿ."

"ಥೂ, ಆಗ್ಲೇ ಹೇಳೋಕೇನಾಗಿತ್ತು ನಿಂಗೆ?"

ಹುಡುಗ ನೆಲ ನೋಡಿದ. "ಮೂರು ವರ್ಷ ನನ್ನ ಪಕ್ಕದ ಮೊಳೆ ಸಾರ್ ಅದು. ಪ್ರತಿ ಸಲ ನಾನು ಮೊಳೆಯಿಂದ ಜೆರ್ಸಿ ತೆಗೀವಾಗ ಅವನು ಗೋಡೆ ಕಡೆ ತಿರುಗಿ ಬೂಟು ಬಿಚ್ಚೋನು. ನಂಗೇ ಬೇಜಾರಾಗಿತ್ತು."

ಮೇಷ್ಟರು ಅವನ ಬೆನ್ನು ತಟ್ಟಿ ಗೆರೆಯ ಹತ್ತಿರಕ್ಕೆ ಕಳಿಸಿದರು.

ಅಳಿಯ ಗೆರೆಯ ಹೊರಗೆ ಬಂದು ಜೆರ್ಸಿ ಬಿಚ್ಚಿ ಬಾಗಿಲಿಗೆ ಕೊಟ್ಟು, ಮೇಷ್ಟರ ಪಕ್ಕದಲ್ಲಿ ಕುಸಿದು ಕೂತ. ಬೂಟಿನ ಮೇಲೆ ಹೊಳಪು ಎಲ್ಲೂ ಉಳಿದಿರಲಿಲ್ಲ.

"ಮಾವ, ಉಸಿರೇ ಇಲ್ಲ," ಎಂದ. ಸಾರ್ ಎನ್ನುವುದು ಮರೆತಿದ್ದ. ಮೇಷ್ಟರು ತಿದ್ದಲಿಲ್ಲ. ನೀರಿನ ಬಾಟಲಿ ಮುಂದೆ ಹಿಡಿದರು. ಅವನು ಕುಡಿದು, ಬಾಯಿ ಒರೆಸಿಕೊಂಡು, ಮೆಲ್ಲಗೆ ಕೇಳಿದ, "ಅಮ್ಮ ಫೋನ್ ಮಾಡಿದ್ಲಾ? ಅದಕ್ಕೇ ಹಾಕಿದ್ರಾ?"

"ಮಾಡಿದ್ಲು. ಆಗಲ್ಲ ಅಂದೆ."

"ಮತ್ತೆ?"

ಆಚೆ ಬಾಗಿಲು ಚೆಂಡು ತಡೆದು ಮುಂದಕ್ಕೆ ಒದ್ದ. ಮೇಷ್ಟರು ಅದನ್ನೇ ನೋಡುತ್ತಿದ್ದರು. ನಿಜ ಹೇಳಿದರೆ ಈ ಹುಡುಗನ ಕೈಯಲ್ಲಿರುವ ಒಂದೇ ಆಟವೂ ಹೋಗುತ್ತದೆ. ಸುಳ್ಳು ಹೇಳಿ ಅವರಿಗೆ ಅಭ್ಯಾಸವಿಲ್ಲ.

"ಎಡಗಾಲು ಚೆನ್ನಾಗಿದೆ ನಿಂದು," ಎಂದರು. "ನಾನು ಮೊದಲೇ ನೋಡ್ಬೇಕಿತ್ತು."

ಅಳಿಯ ಮತ್ತೆ ಕೇಳಲಿಲ್ಲ.

ಪಂದ್ಯ ಒಂದು ಗೋಲಿನಿಂದ ಸೋತರು, ಕಾಲೇಜು ಕೊನೆಯ ಸ್ಥಾನಕ್ಕೆ ಬಿತ್ತು. ಹುಡುಗರು ಹೋದ ಮೇಲೆ ಮೇಷ್ಟರು ಕೋಣೆಗೆ ಬಂದು ಒದ್ದೆ ಜೆರ್ಸಿಗಳನ್ನು ಒಂದೊಂದಾಗಿ ಮೊಳೆಯಿಂದ ಇಳಿಸಿದರು. ಬಾಗಿಲು ತನ್ನ ಜೆರ್ಸಿಯನ್ನು ಪಕ್ಕದ ಮೊಳೆಗೇ ಹಾಕಿ ಹೋಗಿದ್ದ. ಅದನ್ನು ತುಸು ಹೊತ್ತು ಅಲ್ಲೇ ಬಿಟ್ಟು ಬೆಂಚಿನ ಮೇಲೆ ಕೂತರು. ಮಂಡಿ ನೋಯುತ್ತಿತ್ತು. ಆಮೇಲೆ ಎದ್ದು ಅದನ್ನೂ ತೆಗೆದು ಚೀಲಕ್ಕೆ ಹಾಕಿಕೊಂಡು, ತಂಗಿಯ ಮನೆಯ ದಾರಿ ಹಿಡಿದರು.