ಕೌಸರಳ ಖಾಲಿ ಬೀಡಿ

ನನ್ನ ಕ್ಲಾಸಿನಲ್ಲಿ ಕೈ ಸುಮ್ಮನಿರಬೇಕು. ನಿಪ್ಪಾಣಿಯಲ್ಲಿ ನೌಕರಿ ಪರೀಕ್ಷೆಗಳಿಗೆ ಗಣಿತ ಹೇಳಿಕೊಡುವ ಪಾರಿಸ ಮಾಸ್ತರ ಎಂದರೆ ನಾನೇ. ಪೆನ್ನು ತಿರುಗಿಸುವವರನ್ನು, ಉಗುರು ಕಚ್ಚುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಕೌಸರ ಮಾತ್ರ ಕೈಕಟ್ಟಿ ಕೂತಿರುತ್ತಿದ್ದಳು. ಅಷ್ಟೇ ಶಿಸ್ತಾಗಿ ಪ್ರತಿ ಟೆಸ್ಟಿನಲ್ಲೂ ಮುಗ್ಗರಿಸುತ್ತಿದ್ದಳು. ಘಾತ, ವರ್ಗಮೂಲ ಬಂದರಂತೂ ಹಾಳೆ ಖಾಲಿ. ಅವಳ ತಾಯಿ ಮಮತಾಜ ಮದುವೆಯಾಗಿ ಬಂದಾಗಿನಿಂದ ಬೀಡಿ ಕಟ್ಟುವವರು. ತಂಬಾಕಿನ ಧೂಳಿಗೆ ಹತ್ತಿದ ಕೆಮ್ಮು ಈಗ ಬಿಡುವುದೇ ಇಲ್ಲ. ಮಗಳಿಗೆ ನೌಕರಿ ಸಿಕ್ಕ ದಿನ ತೊಡೆಯ ಮೇಲಿನ ಬೀಡಿ ಮೊರ ಇಳಿಸುತ್ತೇನೆಂದು ಮಾತು ಕೊಟ್ಟಿದ್ದರು.

ಒಂದು ಸಂಜೆ ಬೈಯಬೇಕೆಂದೇ ಅವರ ಮನೆಗೆ ಹೋದೆ. ತಾಯಿ ಮಗಳು ಎದುರುಬದುರು ಕೂತು ಬೀಡಿ ಸುತ್ತುತ್ತಿದ್ದರು. ನಿಂತಲ್ಲೇ ಕೇಳಿದೆ: "ವರ್ಗಮೂಲದ ಒಳಗ ಇಪ್ಪತ್ತು ಕೂಡಿಸು ವರ್ಗಮೂಲ, ಅದರೊಳಗ ಮತ್ತ ಇಪ್ಪತ್ತು ಕೂಡಿಸು ವರ್ಗಮೂಲ, ಹಿಂಗ ಮುಗಿಯೂದ ಇಲ್ಲ. ಬೆಲೆ ಎಷ್ಟ ಹೇಳ?"

ಅವಳು ತಲೆಯೆತ್ತಲಿಲ್ಲ. ಎಲೆ ಸುತ್ತುತ್ತಲೇ ಹೇಳಿದಳು: "ಹೊರಗಿನ ಒಂದ್ ಸುತ್ತ ಬಿಚ್ಚಿದ್ರ ಒಳಗ ಮತ್ತ ಅದ ಐತಲ್ರಿ ಸರ್. ಅದಕ್ಕ ಎಕ್ಸ್ ಅಂದ್ರ, ಎಕ್ಸ್ ವರ್ಗ ಅಂದ್ರ ಇಪ್ಪತ್ತು ಕೂಡಿಸು ಎಕ್ಸ್. ಐದರ ವರ್ಗ ಇಪ್ಪತ್ತೈದು, ಇಪ್ಪತ್ತಕ್ಕ ಐದು ಕೂಡಿಸಿದ್ರೂ ಇಪ್ಪತ್ತೈದು. ಉತ್ತರ ಐದ್ರಿ."

ಬೈಯಲು ಬಂದವನು ಅಲ್ಲೇ ನೆಲದ ಮೇಲೆ ಕೂತೆ. ಇದೇ ಲೆಕ್ಕದ ಸೂತ್ರ ಉರು ಹೊಡೆಸಿ ಹೊಡೆಸಿ ನನ್ನ ಕೂದಲು ಬೆಳ್ಳಗಾಗಿದೆ. ಇಷ್ಟು ಚೆಂದವಾಗಿ ಬಿಚ್ಚಿ ತೋರಿಸಿದವರನ್ನು ನಾನು ಕಂಡಿರಲಿಲ್ಲ.

"ಕ್ಲಾಸಿನ್ಯಾಗ ಏನ್ ಧಾಡಿ ನಿನಗ?"

"ಅಲ್ಲೆ ಕೈ ಖಾಲಿ ಇರ್ತಾವಲ್ರಿ. ಕೈ ನಿಂತ್ರ ತಲೀನೂ ನಿಂತಬಿಡ್ತೈತಿ."

ಮರುದಿನದಿಂದ ಅವಳೊಬ್ಬಳಿಗೆ ನನ್ನ ಕಾನೂನು ಮಾಫಿ. ರಫ್ ಹಾಳೆ ಹರಿದು ಖಾಲಿ ಬೀಡಿ ಸುತ್ತುತ್ತ ಕೂತಳು. ಲೆಕ್ಕಗಳು ಒಂದೊಂದಾಗಿ ಬಿಡಿಸಿಕೊಳ್ಳತೊಡಗಿದವು.

ಪರೀಕ್ಷೆ ಚಿಕ್ಕೋಡಿಯಲ್ಲಿತ್ತು. ಅಲ್ಲಿ ಹಾಗೆ ಸುತ್ತಬೇಡವೆಂದು ನಾನೂ ಹೇಳಲಿಲ್ಲ, ಅವಳಿಗೂ ಹೊಳೆಯಲಿಲ್ಲ. ಮೇಲ್ವಿಚಾರಕರು ಬಂದು ನೋಡಿದರೆ ಡೆಸ್ಕಿನ ಮೇಲೆ ಸುರುಳಿ ಸುತ್ತಿದ ಚೀಟಿಗಳ ಸಾಲು! ಕಾಪಿ ಎಂದಾದರೆ ಅವಳು ಹೊರಗೆ, ತಾಯಿಯ ಮೊರ ತೊಡೆಯ ಮೇಲೆಯೇ. ಇದೆಲ್ಲ ಕೌಸರ ಆಮೇಲೆ ಹೇಳಿದ್ದು.

ಅವರು ಒಂದು ಸುರುಳಿ ಬಿಚ್ಚಿದರು. ಖಾಲಿ. ಇನ್ನೊಂದನ್ನು ಬಿಚ್ಚಿದರು. ಅದೂ ಖಾಲಿ. ಸಾಲಿನಲ್ಲಿದ್ದವನ್ನೆಲ್ಲ ಬಿಚ್ಚಿದರು.

"ಏನವ್ವಾ ಇದು?"

"ಬೀಡಿ ರೀ ಸರ್," ಎಂದಳು. "ಸುತ್ತಿದ್ರ ಲೆಕ್ಕ ಬರ್ತಾವ್ರಿ."

ಅವರು ಕೊನೆಯ ಸುರುಳಿಯ ಮಡಚಿದ ತುದಿಯನ್ನು ಬೆರಳಲ್ಲಿ ಸವರಿದರು. "ನಮ್ಮವ್ವನೂ ಬೀಡಿ ಬಾಯಿ ಹಿಂಗ ಮುಚ್ಚತಿದ್ಲು," ಎಂದವರೇ ಮೇಜಿನಿಂದ ಒಂದು ಖಾಲಿ ಹಾಳೆ ತಂದಿಟ್ಟರು. "ಸುತ್ತ. ಟೈಮ್ ಹೊಂಟೈತಿ."

ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದ ದಿನ ಮಮತಾಜ ಮೊರ ಇಳಿಸಿ ಗೋಡೆಗೆ ಒರಗಿಸಿದರು. ನನಗೆ ಚಹಾ ಕೊಟ್ಟು ಮಗಳ ಪಕ್ಕದಲ್ಲಿ ಕೂತರು. ಖಾಲಿ ತೊಡೆಯ ಮೇಲೆ ಅವರ ಬೆರಳು ಇನ್ನೂ ಸುತ್ತುತ್ತಲೇ ಇದ್ದವು.

ಕೌಸರ ಆ ಕೈಗಳನ್ನು ಹಿಡಿದುಕೊಂಡಳು. "ಸಾಕ್ ಬಿಡ ಅಮ್ಮಿ," ಎಂದಳು. "ಲೆಕ್ಕ ಮುಗದಾವ."