ಮುಂದೆ ನಡೆಯುವ ಮಗಳು

ನನ್ನ ಕೈಕಾಲು ಗಿಡ್ಡ. ತಲೆ, ಎದೆ, ಹೊಟ್ಟೆ, ಕೋಪ ಎಲ್ಲವೂ ದೊಡ್ಡವರ ಅಳತೆಯವೇ. ಹುಟ್ಟಿದಾಗಿನಿಂದ ಹೀಗೇ, ಇನ್ನು ಇರುವವರೆಗೂ ಹೀಗೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹೇಳದಿದ್ದರೆ ನೀವು ಕೇಳುತ್ತೀರಿ. ಎಲ್ಲರೂ ಕೇಳುತ್ತಾರೆ. ಬಸ್ಸಿನಲ್ಲಿ ಪಕ್ಕ ಕೂತವರು ಕೇಳುತ್ತಾರೆ, ಬ್ಯಾಂಕಿನಲ್ಲಿ ಹಿಂದೆ ನಿಂತವರು ಕೇಳುತ್ತಾರೆ, ಹಲ್ಲಿನ ಡಾಕ್ಟರಂತೂ ಎರಡೂ ಕೈ ನನ್ನ ಬಾಯೊಳಗೆ ಇಟ್ಟುಕೊಂಡೇ ಕೇಳಿದ್ದರು. ‘ಹುಟ್ಟಿದಾಗಿಂದ್ಲೇ ಹೀಗಾ, ಇಲ್ಲ ಆಮೇಲೆ ಆಯ್ತಾ?’ ಆಮೇಲೆ ಹೇಗೆ ಆಗುತ್ತದೆ ಮಾರಾಯರೇ, ನಾನೇನು ಒಗೆದ ಮೇಲೆ ಕುಗ್ಗಿದ ಅಂಗಿಯೇ?

ಕೇಳಿದರೆ ಕೇಳಲಿ, ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇರುತ್ತದೆ. ಮುಟ್ಟುವವರದ್ದೇ ಕಷ್ಟ. ದಾರಿಯಲ್ಲಿ ಹೋಗುವವರು ತಲೆ ಸವರಿ ಹೋಗುತ್ತಾರೆ. ಒಬ್ಬ ಅಜ್ಜಿ ಸಾಲಿನಲ್ಲಿ ನಿಂತಿದ್ದ ನನ್ನ ಕೈಗೆ ಬಿಸ್ಕತ್ತು ಕೊಟ್ಟು ‘ಜಾಣ’ ಅಂದರು. ಹಸಿವಾಗಿತ್ತು, ತಿಂದೆ, ಅದು ಬೇರೆ ಮಾತು. ಒಬ್ಬ ಮಹಾನುಭಾವ ಮದುವೆ ಮನೆಯಲ್ಲಿ ಹಿಂದಿನಿಂದ ಬಂದು ನನ್ನನ್ನು ಮಗುವಿನಂತೆ ಎತ್ತಿಕೊಂಡು ಫೋಟೊ ತೆಗೆಸಿಕೊಂಡ. ಇಳಿಸುವ ಮುಂಚೆ ಅವನ ಕಿವಿ ಹಿಡಿದು ಚೆನ್ನಾಗಿ ತಿರುಚಿದೆ. ಆ ಫೋಟೊದಲ್ಲಿ ಅವನ ಬಾಯಿ ಇವತ್ತಿಗೂ ತೆರೆದೇ ಇದೆಯಂತೆ.

ನನ್ನದು ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿ. ಗಾಜು ಕತ್ತರಿಸುವ ಮೇಜನ್ನು ನನ್ನ ಎತ್ತರಕ್ಕೇ ಮಾಡಿಸಿಕೊಂಡಿದ್ದೇನೆ. ಹಾಗಾಗಿ ಕೆಲಸದಲ್ಲಿ ಮುಳುಗಿರುವಾಗ ಗಿರಾಕಿಗಳಿಗೆ ನಾನು ಕಾಣುವುದಿಲ್ಲ. ಬಂದು, ನನ್ನ ತಲೆಯ ಮೇಲಿಂದ ಒಳಗೆಲ್ಲ ಕಣ್ಣಾಡಿಸಿ ‘ಯಾರೂ ಇಲ್ವಾ?’ ಅನ್ನುತ್ತಾರೆ. ನಾನು ಕೌಂಟರಿನ ಹಿಂದಿನ ಹಲಗೆ ಹತ್ತಿ ಎದ್ದರೆ ಬೆಚ್ಚಿಬೀಳುತ್ತಾರೆ. ಆಮೇಲೆ ‘ಓನರ್ ಎಲ್ಲಿ?’ ಅನ್ನುತ್ತಾರೆ.

ಹೆಂಡತಿ ಸಿಟಿ ಬಸ್ಸಿನ ಡ್ರೈವರ್. ನನಗಿಂತ ಎತ್ತರ, ನನಗಿಂತ ತಾಳ್ಮೆ. ಅವಳದು ಬೆಳಗಿನ ಪಾಳಿ. ನಾವಿನ್ನೂ ಹೊದಿಕೆಯೊಳಗೆ ಇರುವಾಗಲೇ ಹೊರಟುಬಿಡುತ್ತಾಳೆ. ಮಧ್ಯಾಹ್ನ ಕೆಲಸ ಮುಗಿಸಿ ಮಗಳನ್ನು ಶಾಲೆಯಿಂದ ಕರೆತರುವುದು ಅವಳು, ಬೆಳಿಗ್ಗೆ ಶಾಲೆಗೆ ಬಿಡುವುದು ನಾನು. ಮಗಳನ್ನು ಮನೆಯಲ್ಲಿ ಗುಬ್ಬಿ ಅನ್ನುತ್ತೇವೆ. ಗುಬ್ಬಿ ಈ ವರ್ಷ ನನ್ನ ಕಿವಿ ದಾಟಿ ಬೆಳೆದಿದ್ದಾಳೆ, ಆದರೂ ಗುಬ್ಬಿಯೇ.

ಶಾಲೆಯ ದಾರಿ ನನ್ನ ದಿನದ ಒಳ್ಳೆಯ ಭಾಗವಾಗಿತ್ತು. ಅವಳು ನನ್ನ ಕೈ ಹಿಡಿದುಕೊಂಡು ಬಾಯಿಗೆ ಬಿಡುವಿಲ್ಲದೆ ಮಾತಾಡುತ್ತಿದ್ದಳು. ಲೆಕ್ಕದ ಮಿಸ್ಸು ಸೀನುವಾಗ ಎರಡೂ ಕಾಲು ನೆಲ ಬಿಡುತ್ತವೆ, ಪಕ್ಕದ ಬೆಂಚಿನವಳು ರಬ್ಬರನ್ನು ಕಚ್ಚಿ ತಿನ್ನುತ್ತಾಳೆ, ಇಂಥವು. ಔಷಧಿ ಅಂಗಡಿ ಬರುವಷ್ಟರಲ್ಲಿ ನಾನು ನಕ್ಕು ನಕ್ಕು ಸುಸ್ತಾಗಿರುತ್ತಿದ್ದೆ.

ರಜೆ ಮುಗಿದು ಶಾಲೆ ಶುರುವಾದ ಮೇಲೆ ಅದು ನಿಂತಿತು. ಮನೆಯ ಗೇಟು ದಾಟಿದ ಕೂಡಲೇ ಅವಳು ಕೈ ಬಿಡಿಸಿಕೊಂಡು ಮುಂದೆ ಹೋಗುತ್ತಿದ್ದಳು. ನಾನು ಹೆಜ್ಜೆ ಚುರುಕು ಮಾಡಿದರೆ ಅವಳು ಇನ್ನೂ ಚುರುಕು ಮಾಡುತ್ತಿದ್ದಳು. ನನ್ನ ಕಾಲಿನ ಉದ್ದಕ್ಕೆ ಅವಳನ್ನು ಹಿಡಿಯುವುದು ಆಗದ ಮಾತು. ಬೆನ್ನ ಮೇಲೆ ಕುಣಿಯುವ ಅವಳ ಹಳದಿ ಚೀಲವನ್ನು ನೋಡುತ್ತಾ ಹಿಂದೆ ಹಿಂದೆ ನಡೆಯುತ್ತಿದ್ದೆ. ಒಂದು ದಿನ ಹೇಳಿಯೂಬಿಟ್ಟಳು.

“ಅಪ್ಪ, ನೀನು ಗೇಟಿನ ತನಕ ಬರ್ಬೇಡ. ಔಷಧಿ ಅಂಗಡಿ ಹತ್ರನೇ ನಿಂತ್ಕೋ.”

“ಯಾಕೆ?”

“ಸುಮ್ನೆ.”

ಸುಮ್ಮನೆ ಅಂದರೆ ಏನೆಂದು ನನಗೆ ಗೊತ್ತಿಲ್ಲವೇ? ಗೇಟಿನ ಬಳಿ ಬೇರೆ ಮಕ್ಕಳ ಅಪ್ಪಂದಿರು ಇರುತ್ತಾರೆ, ಬಾಗಿಲಿನ ಎತ್ತರದ ಅಪ್ಪಂದಿರು. ಮಗಳಿಗೆ ನನ್ನಿಂದ ನಾಚಿಕೆ. ಜನ ಏನೆಂದರೂ ನನಗೆ ತಾಗುತ್ತಿರಲಿಲ್ಲ, ಇದು ನೇರವಾಗಿ ಕರುಳಿಗೇ ತಾಗಿತು. ಔಷಧಿ ಅಂಗಡಿಯ ಮೆಟ್ಟಿಲ ಬಳಿ ನಿಂತು ಅವಳಿಗೆ ಕೈಬೀಸಿ, ಅಂಗಡಿಗೆ ಬಂದು ಗಾಜು ಕತ್ತರಿಸಲು ಕೂತರೆ ಗೆರೆ ನೆಟ್ಟಗೆ ಬರುತ್ತಿರಲಿಲ್ಲ.

ಸಂಜೆ ಹೆಂಡತಿ ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಿದ್ದಾಗ ಹೇಳಿದೆ. “ಇನ್ಮೇಲೆ ಬೆಳಿಗ್ಗೆ ನೀನೇ ಬಿಡು ಅವಳನ್ನ. ನನ್ನ ಜೊತೆ ನಡೆಯೋಕೆ ಅವಳಿಗೆ ಇಷ್ಟ ಇಲ್ಲ.”

“ಹಾಗಂತ ಅವಳು ಹೇಳಿದ್ಲಾ?”

“ಹೇಳ್ಬೇಕಾ? ಕಣ್ಣಿಗೆ ಕಾಣಲ್ವಾ?”

“ಊರೋರೆಲ್ಲ ನನ್ನ ಮೇಲೆ ಕಣ್ಣು ಹಾಯಿಸಿದ ತಕ್ಷಣ ತೀರ್ಮಾನ ಮಾಡಿಬಿಡ್ತಾರೆ ಅಂತ ಉರ್ಕೊಂಡು ಓಡಾಡ್ತೀರಿ. ಈಗ ನೀವು ಮಾಡ್ತಿರೋದೇನು? ಕೇಳಿ ಅವಳನ್ನ.”

“ಕೇಳೋದೇನೂ ಬೇಡ. ಮಗುವಿನ ಬಾಯಲ್ಲಿ ಅದನ್ನ ಹೇಳಿಸ್ಬೇಕಾ?”

ಅವಳು ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ನನ್ನನ್ನೇ ನೋಡಿದಳು. “ನಾನು ಸಂಜೆ ಪಾಳಿ ಹಿಡಿದ್ರೆ, ಮನೆಗೆ ಬರೋ ಹೊತ್ತಿಗೆ ಗುಬ್ಬಿ ಮಲಗಿರ್ತಾಳೆ. ಅದು ನೆನಪಿದೆ ತಾನೆ?”

ನೆನಪಿತ್ತು. ಆದರೂ ಹಾಗೇ ಆಗಲಿ ಎಂದು ತಲೆಯಾಡಿಸಿದೆ. ಶುಕ್ರವಾರ ಪಾಳಿ ಮುಗಿಸಿ ಡಿಪೋದಲ್ಲಿ ಹೇಳುತ್ತೇನೆ, ಸೋಮವಾರದಿಂದ ಬೆಳಿಗ್ಗೆ ತಾನೇ ಬಿಡುತ್ತೇನೆ ಅಂದಳು. ಆ ರಾತ್ರಿ ಗುಬ್ಬಿ ಅರ್ಧ ಊಟ ಬಿಟ್ಟು ಎದ್ದುಹೋದಳು.

ಶುಕ್ರವಾರ ಬೆಳಿಗ್ಗೆ ಗುಬ್ಬಿಯ ಚೀಲದ ಹಿಂದೆ ಕೊನೆಯ ಸಲ ನಡೆದೆ. ಮಾರುಕಟ್ಟೆಯ ತಿರುವಿನಲ್ಲಿ ಅವಳು ಸ್ವಲ್ಪ ಹೊತ್ತು ಕಣ್ಣಿಗೆ ಬೀಳಲಿಲ್ಲ. ನಾನು ತಿರುವು ದಾಟುವಷ್ಟರಲ್ಲಿ ಮತ್ತೆ ಕಂಡಳು. ಕೈಬೀಸಿ ಬಂದು, ಅಂಗಡಿಯ ಬಾಗಿಲು ತೆರೆದು, ಕೆಲಸಕ್ಕೆ ಬಗ್ಗಿದ್ದೆನಷ್ಟೆ.

“ಯಾರೂ ಇಲ್ವಾ?”

ಹಲಗೆ ಹತ್ತಿ ಎದ್ದೆ. ಎದುರಿಗೆ ಒಬ್ಬ ದಪ್ಪ ಮನುಷ್ಯ, ತಲೆ ತಾಮ್ರದ ಚೊಂಬಿನಂತೆ ನುಣ್ಣಗೆ. ಮುಖ ಕೆಂಪೇರಿತ್ತು.

“ಆ ಹುಡುಗಿ ನಿಮ್ಮ ಮಗಳಾ? ಹಳದಿ ಚೀಲದವಳು?”

ಕೈಯಲ್ಲಿದ್ದ ಗಾಜು ಕೆಳಗಿಟ್ಟೆ. “ಏನಾಯ್ತು ಅವಳಿಗೆ?”

“ಅವಳಿಗೇನಾಗುತ್ತೆ? ನನಗಾಗಿದ್ದು. ಮಕ್ಕಳನ್ನ ಹೀಗಾ ಬೆಳೆಸೋದು? ಮಾರ್ಕೆಟ್ ಮೂಲೇಲಿ ನಿಂತಿದ್ದೆ. ನೀವು ಬರ್ತಾ ಇದ್ರಿ. ಮನೇಲಿ ಮೊಮ್ಮಕ್ಕಳಿಗೆ ತೋರಿಸೋಣ ಅಂತ ಒಂದು ಫೋಟೊ ತೆಗೆಯೋಕೆ ಫೋನ್ ಎತ್ತಿದೆ, ಅಷ್ಟೇ. ಈ ಹುಡುಗಿ ಎಲ್ಲಿಂದ್ಲೋ ಬಂದು ಫೋನಿನ ಎದುರಿಗೇ ನಿಂತ್ಕೊಂಡ್ಳು. ನಾನು ಬಲಕ್ಕೆ ಸರಿದ್ರೆ ಬಲಕ್ಕೆ, ಎಡಕ್ಕೆ ಸರಿದ್ರೆ ಎಡಕ್ಕೆ. ಆಮೇಲೆ ಏನಂತ ಕೇಳಿದ್ಲು ಗೊತ್ತಾ?”

“ಏನಂತ?”

ಅವರು ಒಂದು ಸಲ ಹಿಂದೆ ನೋಡಿ ದನಿ ತಗ್ಗಿಸಿದರು. “ಅಂಕಲ್, ನಿಮ್ಮ ತಲೆ ಹುಟ್ಟಿದಾಗಿಂದ್ಲೇ ಹೀಗಾ, ಇಲ್ಲ ಆಮೇಲೆ ಆಯ್ತಾ? ನಿಮ್ಮ ಮಕ್ಕಳಿಗೂ ಹೀಗೇನಾ? ಆಂಟಿ ಇದನ್ನ ನೋಡಿಯೇ ಮದುವೆ ಆದ್ರಾ? ಒಂದು ಸಲ ಮುಟ್ಟಿ ನೋಡ್ಲಾ?”

ನನಗೆ ನಗು ತಡೆಯಲಾಗಲಿಲ್ಲ. ಕೌಂಟರು ಹಿಡಿದುಕೊಂಡು ನಕ್ಕೆ.

“ನಗ್ತೀರಾ? ದಿನಾ ಅವಳದು ಇದೇ ಕೆಲಸ. ನಿಮ್ಮ ಅಂಗಡಿ ತೋರಿಸಿದ ಹಣ್ಣಿನ ಅಂಗಡಿಯವನೇ ಹೇಳ್ದ. ನಿಮಗಿಂತ ಮುಂದೆ ಮುಂದೆ ಬರ್ತಾಳಂತೆ, ಯಾರು ಫೋನ್ ತೆಗೆದ್ರೂ ಹೋಗಿ ಅಡ್ಡ ನಿಲ್ತಾಳಂತೆ. ಶಾಲೆ ಗೇಟಿನ ಹತ್ರ ನಿಮ್ಮ ನಡಿಗೆ ಅಣಕಿಸ್ತಿದ್ದ ದೊಡ್ಡ ಹುಡುಗರ ಜೊತೆ ಜಗಳಾನೂ ಆಡಿದ್ಲಂತೆ. ಸ್ವಲ್ಪ ಬುದ್ಧಿ ಹೇಳಿ.”

ನಗು ಅಲ್ಲೇ ನಿಂತುಹೋಯಿತು. ಮುಂದೆ ಮುಂದೆ ಬರುತ್ತಾಳಂತೆ. ದಿನವೂ ಆ ಹಳದಿ ಚೀಲದ ಹಿಂದೆ ನಡೆದವನು ನಾನು, ಒಂದು ದಿನವೂ ಅದರ ಇನ್ನೊಂದು ಬದಿಯ ಮುಖ ನೋಡಿರಲಿಲ್ಲ. ಮಿಸ್ಸಿನ ಸೀನು, ರಬ್ಬರು ತಿನ್ನುವ ಹುಡುಗಿ ಎಲ್ಲ ಬಿಟ್ಟು ನನ್ನ ಮಗಳು ಬೀದಿಯಲ್ಲಿ ಫೋನ್ ಎತ್ತುವ ಕೈಗಳ ಮೇಲೆ ಕಣ್ಣಿಟ್ಟು ನಡೆದಿದ್ದಳು.

“ಬುದ್ಧಿ ಹೇಳ್ತೀನಿ ಸಾರ್,” ಅಂದೆ. “ನಿಮಗೂ ಒಂದು ಹೇಳ್ಲಾ? ನಾನು ಪ್ರಾಣಿ ಸಂಗ್ರಹಾಲಯದಿಂದ ತಪ್ಪಿಸ್ಕೊಂಡು ಬಂದವನಲ್ಲ. ಮೊಮ್ಮಕ್ಕಳಿಗೆ ತೋರಿಸ್ಬೇಕಾದ್ರೆ ಇಲ್ಲಿಗೇ ಕರ್ಕೊಂಡು ಬನ್ನಿ, ಕೂತು ಮಾತಾಡ್ತೀನಿ. ಕದ್ದು ಫೋಟೊ ತೆಗೆದ್ರೆ ಅವಳಲ್ಲ, ನಾನೇ ಬಂದು ನಿಮ್ಮ ತಲೆ ಮುಟ್ಟಿ ನೋಡ್ತೀನಿ.”

ಅವರ ಕೈ ತನ್ನಷ್ಟಕ್ಕೆ ತಲೆಯ ಮೇಲೆ ಹೋಯಿತು. ಏನೋ ಗೊಣಗಿಕೊಂಡು ಹೊರಟುಹೋದರು.

ಹೆಂಡತಿ ಬಸ್ಸು ಓಡಿಸುವಾಗ ಫೋನ್ ಎತ್ತುವುದಿಲ್ಲ. ಮೆಸೇಜು ಕಳಿಸಿದೆ: ಇವತ್ತು ಗುಬ್ಬಿಯನ್ನು ನಾನೇ ಕರೆತರುತ್ತೇನೆ, ಡಿಪೋದಲ್ಲಿ ಈಗಲೇ ಏನೂ ಹೇಳಬೇಡ. ಊಟದ ಬಿಡುವಿನಲ್ಲಿ ಉತ್ತರ ಬಂತು: ಕೊನೆಗೂ ಕೇಳ್ತೀರಾ?

ಅಂಗಡಿಯ ಬಾಗಿಲು ಎಳೆದು ಬೇಗನೇ ಹೊರಟೆ. ಔಷಧಿ ಅಂಗಡಿ ದಾಟಿ ನೆಟ್ಟಗೆ ಗೇಟಿನ ಎದುರಿಗೇ ಹೋಗಿ ನಿಂತೆ. ತಾಯಂದಿರು ಪಿಸುಗುಟ್ಟಿದರು, ಒಬ್ಬರು ಮಗುವಿನ ಕಣ್ಣು ಮುಚ್ಚಿ ಆಚೆ ತಿರುಗಿಸಿದರು. ನಿಂತೇ ಇದ್ದೆ.

ಗುಬ್ಬಿ ನನ್ನನ್ನು ಕಂಡಾಗ ಅವಳ ಮುಖ ಅರಳಿತು. ಮರುಕ್ಷಣವೇ ಅವಳ ಕಣ್ಣು ನನ್ನ ಹಿಂದೆ, ಎಡಕ್ಕೆ, ಬಲಕ್ಕೆ ಓಡಿತು. ಇಷ್ಟು ದಿನ ಬೆನ್ನಷ್ಟೇ ನೋಡಿ ಇದನ್ನೇ ನಾಚಿಕೆ ಅಂದುಕೊಂಡಿದ್ದೆ. ಅವಳು ಓಡಿಬಂದು, ನನ್ನನ್ನು ಮುಟ್ಟದೆ, ನೇರ ಮುಂದಕ್ಕೆ ಹೊರಟಳು.

“ಗುಬ್ಬಿ, ನಿಲ್ಲು.”

“ಬೇಗ ಬಾ ಅಪ್ಪ.”

“ಬೋಳು ತಲೆ ಅಂಕಲ್ ಅಂಗಡಿಗೆ ಬಂದಿದ್ರು.”

ಅವಳು ನಿಂತಳು. ತಿರುಗಲಿಲ್ಲ. “ಬೈತೀಯಾ?”

“ಮುಟ್ಟಿ ನೋಡಿದ್ಯಾ?”

“ಬಿಡ್ಲಿಲ್ಲ ಅವರು.” ಈಗ ತಿರುಗಿದಳು. ತುಟಿಯ ಅಂಚಿನಲ್ಲಿ ನಗು ಇಣುಕಿ ಮಾಯವಾಯಿತು. ಚೀಲದ ಪಟ್ಟಿ ಎಳೆಯುತ್ತಾ ನಿಂತಳು. “ಅಪ್ಪ, ಸೋಮವಾರದಿಂದ ಅಮ್ಮ ಬರ್ತಾಳಾ? ನೀವಿಬ್ರೂ ಮಾತಾಡಿದ್ದು ಕೇಳಿಸ್ತು.”

“ಏನು ಕೇಳಿಸ್ತು?”

“ಬೆಳಿಗ್ಗೆ ನೀನೇ ಬಿಡು ಅಂತ ನೀನು ಅಮ್ಮಂಗೆ ಹೇಳಿದ್ದು. ಅಷ್ಟೇ, ಆಮೇಲೆ ಬಾಗಿಲು ಹಾಕ್ಕೊಂಡೆ.” ಅವಳ ದನಿ ನಡುಗತೊಡಗಿತು. “ಒಬ್ರು ಕಾರಿನೊಳಗಿಂದ ಫೋಟೊ ತೆಗೆದ್ರು ಅಪ್ಪ. ನಾನು ನೋಡ್ಲಿಲ್ಲ. ಆ ಹುಡುಗರು ಅಣಕಿಸಿದ್ದೂ ನಿಂಗೆ ಗೊತ್ತಾಯ್ತು ಅಲ್ವಾ? ಅದಕ್ಕೇ ತಾನೆ ನೀನು ಬರಲ್ಲ ಅಂದಿದ್ದು? ಇನ್ಮೇಲೆ ಸರಿಯಾಗಿ ನೋಡ್ಕೊಳ್ತೀನಿ. ನೀನೇ ಬಾ ಅಪ್ಪ.”

ಅವಳನ್ನು ಎಳೆದು ಅಪ್ಪಿಕೊಂಡೆ. ನಮ್ಮಿಬ್ಬರದು ಹೆಚ್ಚುಕಡಿಮೆ ಒಂದೇ ಎತ್ತರ. ಕೆನ್ನೆಗೆ ಕೆನ್ನೆ ತಾಗಿತು, ಯಾವ ಕಣ್ಣೀರು ಯಾರದ್ದೋ ತಿಳಿಯಲಿಲ್ಲ. ಹಿಂದೆ ಯಾರೋ ‘ಅಯ್ಯೋ ಪಾಪ’ ಅಂದರು. ಅವರನ್ನು ಆಮೇಲೆ ನೋಡಿಕೊಂಡರಾಯಿತು ಅಂದುಕೊಂಡೆ.

“ನಿನ್ನಿಂದ ಏನೂ ತಪ್ಪಾಗಿಲ್ಲ ಮರಿ. ನಿಂಗೆ ನನ್ನ ಜೊತೆ ನಡೆಯೋಕೆ ನಾಚಿಕೆ ಅಂದ್ಕೊಂಡಿದ್ದೆ ನಾನು.”

ಅವಳು ಸರ್ರನೆ ಹಿಂದೆ ಸರಿದು ನನ್ನ ಮುಖ ನೋಡಿದಳು. ಆ ಕೋಪ ನನ್ನದೇ, ಒಂದಿಷ್ಟೂ ಗಿಡ್ಡವಾಗದೆ ಅವಳಿಗೆ ಬಂದಿದೆ. “ನೀನೂ ಹಂಗೇ ಅಂದ್ಕೊಂಡ್ಯಾ? ಒಂದು ಸಲ ಕೇಳೋಕೆ ಏನಾಗಿತ್ತು?”

“ತಪ್ಪಾಯ್ತು.”

“ಮುಂದೆ ಹೋಗೋಕೆ ನಂಗೇನು ಇಷ್ಟಾನಾ? ಮಾತಾಡೋಕೆ ಯಾರೂ ಇರಲ್ಲ ಅಲ್ಲಿ.”

“ಹಾಗಾದ್ರೆ ಹೋಗ್ಬೇಡ. ಪಕ್ಕ ನಡಿ.”

“ಫೋಟೊ ತೆಗೀತಾರೆ.”

“ಆ ಕೆಲಸ ನಂದು ಕಣೇ. ನೀನು ಹುಟ್ಟೋಕೆ ಮುಂಚೆಯಿಂದ ಮಾಡ್ಕೊಂಡು ಬಂದಿದ್ದೀನಿ, ಚೆನ್ನಾಗೇ ಮಾಡ್ತೀನಿ. ನಿಂದು ಮಾತಾಡೋ ಕೆಲಸ. ಅದನ್ನ ಬೇರೆ ಯಾರೂ ಮಾಡಲ್ಲ.”

ಅವಳು ಮೂಗು ಒರೆಸಿಕೊಂಡು ಕೈ ಚಾಚಿದಳು. ಹೊರಟೆವು. ಮೊದಮೊದಲು ಅವಳ ಕಣ್ಣು ಅಭ್ಯಾಸಬಲದಿಂದ ಎದುರಿನವರ ಕೈಗಳನ್ನೇ ತಡಕುತ್ತಿತ್ತು. ಹಣ್ಣಿನ ಅಂಗಡಿಯ ಎದುರು ಒಬ್ಬ ಹೆಂಗಸು ಕೈಚೀಲದಿಂದ ಫೋನ್ ತೆಗೆದು ನಮ್ಮ ಕಡೆ ಎತ್ತಿದಳು. ನನ್ನ ಕೈಯೊಳಗಿದ್ದ ಕೈ ಬಿಗಿಯಾಯಿತು, ಓಡಲು ಎಳೆಯಿತು. ನಾನು ಬಿಡಲಿಲ್ಲ.

“ರಬ್ಬರ್ ತಿನ್ನೋಳು ಹೇಗಿದ್ದಾಳೆ?” ಅಂತ ಕೇಳಿದೆ.

ಗುಬ್ಬಿ ಆ ಫೋನನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಪೂರ್ತಿ ನನ್ನ ಕಡೆಗೆ ತಿರುಗಿ, ದಾರಿಯ ಕಡೆ ಗಮನವೇ ಇಲ್ಲದೆ, “ಅವಳಾ? ಅಯ್ಯೋ ಅಪ್ಪ, ಈಗ ಸೀಮೆಸುಣ್ಣ ಶುರು ಮಾಡಿದ್ದಾಳೆ,” ಎಂದು ಇಷ್ಟು ದಿನ ಉಳಿದುಹೋಗಿದ್ದ ಮಾತನ್ನೆಲ್ಲ ಮೊದಲಿನಿಂದ ಹೇಳತೊಡಗಿದಳು.